ಗಾಕರ್ ಮುಳುಗಿದ್ದು ದುಡ್ಡಿನವನಿಂದಲೋ, ತನ್ನ ಬಾಯಿಂದಲೋ? (ಉದ್ದ ಪೋಸ್ಟ್, ನನ್ನದೂ ಒಂದು ತಪ್ಪು ಇದೆ)

ಹಳೇ ಡೆಸ್ಕ್ · ತುಮಕೂರು · ಶನಿವಾರ ರಾತ್ರಿ 11:20

ಚಿಕ್ಕವರಿದ್ದಾಗ ಟ್ರಂಪ್ ಕಾರ್ಡ್ ಆಡಿದವರಿಗೆ ಹಲ್ಕ್ ಹೋಗನ್ ನೆನಪಿರಬೇಕು. ಹಳದಿ ಬನಿಯನ್ ಹರಿದುಕೊಳ್ಳುತ್ತಿದ್ದ ಮೀಸೆ ಕುಸ್ತಿಪಟು. ಆತ 2025ರ ಜುಲೈನಲ್ಲಿ ತೀರಿಕೊಂಡಾಗ ಸುಮ್ನೆ ಓದಲು ಕೂತೆ. ಓದುತ್ತಾ ಓದುತ್ತಾ ಗಾಕರ್ ಅನ್ನೋ ಅಮೆರಿಕದ ವೆಬ್‌ಸೈಟಿನ ಕಥೆ ಸಿಕ್ಕಿತು. ಅವತ್ತಿನಿಂದ ತಲೆಯಲ್ಲಿ ಅದೇ ಕೊರೆಯುತ್ತಿದೆ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಗಾಕರ್ ಶುರು ಮಾಡಿದ್ದು ನಿಕ್ ಡೆಂಟನ್ ಎಂಬ ಬ್ರಿಟನ್ನಿನ ಪತ್ರಕರ್ತ, 2002-03ರ ಹೊತ್ತಿಗೆ, ನ್ಯೂಯಾರ್ಕ್‌ನಲ್ಲಿ. ಬೇರೆಯವರು ಕಾಫಿ ಕುಡಿಯುತ್ತಾ ಮಾತಾಡಿಕೊಂಡು ಬಿಡುವುದನ್ನು ಇವರು ಬರೆದು ಹಾಕುತ್ತಿದ್ದರು. ಅದೇ ಅವರ ಗತ್ತು. 2012ರ ಅಕ್ಟೋಬರ್‌ನಲ್ಲಿ ಹೋಗನ್ ತನ್ನ ಗೆಳೆಯನ ಹೆಂಡತಿ ಜೊತೆ ಹಾಸಿಗೆಯಲ್ಲಿದ್ದ ವಿಡಿಯೊದ ತುಣುಕು ಹಾಕಿದರು. ಎರಡು ನಿಮಿಷವೂ ಇಲ್ಲ. ನನಗೆ ಗೊತ್ತಿಲ್ಲದೆ ತೆಗೆದ ವಿಡಿಯೊ ಅಂತ ಹೋಗನ್ ಕೋರ್ಟಿಗೆ ಹೋದ. 2016ರ ಮಾರ್ಚ್‌ನಲ್ಲಿ ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಆರು ಜನರ ಜ್ಯೂರಿ (ತೀರ್ಪು ಹೇಳಲು ಕೂರಿಸಿದ ಸಾಮಾನ್ಯ ಜನ) ಮೊದಲು 11.5 ಕೋಟಿ ಡಾಲರ್ ಅಂದಿತು. ಮೂರು ದಿನ ಬಿಟ್ಟು ದಂಡವಾಗಿ ಇನ್ನೂ 2.5 ಕೋಟಿ ಸೇರಿಸಿತು. ಒಟ್ಟು 14 ಕೋಟಿ ಡಾಲರ್. ಆಗಿನ ಲೆಕ್ಕದಲ್ಲಿ 900 ಕೋಟಿ ರೂಪಾಯಿಗೂ ಮೇಲೆ. ಜೂನ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಆಗಸ್ಟ್ 22ಕ್ಕೆ ಗಾಕರ್ ಸೈಟ್ ಬಂದ್.

ನನ್ನನ್ನು ಕೊರೆದಿದ್ದು ಈ ಲೆಕ್ಕ ಅಲ್ಲ, ವಿಚಾರಣೆಯ ಒಂದು ಸಣ್ಣ ಭಾಗ. ವಿಡಿಯೊ ಹಾಕಿದ ಸಂಪಾದಕ ಎ.ಜೆ. ಡಾಲೇರಿಯೊನನ್ನು ಎದುರು ಪಕ್ಷದ ವಕೀಲರು ಕೇಳಿದರು: ಹೆಸರಾದವರ ಇಂಥ ವಿಡಿಯೊ ಸುದ್ದಿ ಅಲ್ಲ ಅಂತ ನಿಮಗೆ ಅನಿಸೋದು ಯಾವಾಗ? ಅದು ಮಗು ಆಗಿದ್ದರೆ ಅಂದ. ಎಷ್ಟು ವಯಸ್ಸಿನೊಳಗೆ? ನಾಲ್ಕು ಅಂದ. ತಮಾಷೆಗೆ ಅಂದಿದ್ದು ಅಂತ ಆಮೇಲೆ ಹೇಳಿದರು. ಅಷ್ಟರಲ್ಲಿ ಅದು ಕೋರ್ಟಿನ ದಾಖಲೆಗೆ ಹೋಗಿತ್ತು. ಜ್ಯೂರಿಯಲ್ಲಿ ಕೂತವರು ಅದನ್ನು ಕೇಳಿದರು.

ಓದಿದಾಗ ನನಗೆ ನಗು ಬರಲಿಲ್ಲ. ಯಾಕಂದ್ರೆ ಆ ಧಾಟಿ ನನಗೆ ಗೊತ್ತು. ಡೆಸ್ಕಿನಲ್ಲಿ ರಾತ್ರಿ ಹತ್ತರ ಮೇಲೆ ನಾವೂ ಹಾಗೇ ಮಾತಾಡುತ್ತಿದ್ದೆವು.

ನಾನು ಬಿ.ಎಚ್. ರಸ್ತೆಯ ಒಂದು ಲೋಕಲ್ ವೆಬ್ ನ್ಯೂಸ್‌ನಲ್ಲಿ ಎರಡು ವರ್ಷ ಇದ್ದೆ. ಹೆಸರು ಬೇಡ. 2025ರ ಜನವರಿ. ಮೈಕ್ರೋ ಫೈನಾನ್ಸ್ ಗಲಾಟೆ ಜೋರಾಗಿತ್ತು, ನೆನಪಿದೆ ಅಲ್ವಾ? ಒಂದು ಹಳ್ಳಿಯಲ್ಲಿ ವಸೂಲಿಗೆ ಬಂದ ಇಬ್ಬರು ಒಬ್ಬ ಹೆಂಗಸನ್ನು ಮನೆ ಮುಂದೆ ನಿಲ್ಲಿಸಿಕೊಂಡು ಬೈಯುತ್ತಿದ್ದರು. ಪಕ್ಕದ ಮನೆ ಹುಡುಗ ವಿಡಿಯೊ ಮಾಡಿ, ನಮಗೆ ಆ ಕಡೆಯ ಸುದ್ದಿ ಕಳಿಸುತ್ತಿದ್ದ ಸ್ಟ್ರಿಂಗರ್‌ಗೆ ಕಳಿಸಿದ. ಅವನು ನನಗೆ ಕಳಿಸಿದ. ರಾತ್ರಿ 10:40. ಮುಖ ಬ್ಲರ್ ಮಾಡಿದೆ. ಕೆಂಪು ವೃತ್ತ, ಬಾಣದ ಗುರುತು. ಥಂಬ್‌ನೇಲ್ ಮೇಲೆ 'ಸಾಲ ಕಟ್ಟದ ಮಹಿಳೆಗೆ ಬೀದಿಯಲ್ಲೇ ಮಂಗಳಾರತಿ' ಅಂತ ಬರೆದಿದ್ದೂ ನಾನೇ. ಬೆಳಗಾಗುವಷ್ಟರಲ್ಲಿ ಆ ತಿಂಗಳಲ್ಲೇ ಜಾಸ್ತಿ ಓಡಿದ ವಿಡಿಯೊ ಅದಾಗಿತ್ತು.

ಹನ್ನೊಂದಕ್ಕೆ ಆಕೆಯ ಅಣ್ಣ ಆಫೀಸಿಗೆ ಬಂದರು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಫೋನಲ್ಲಿ ವಿಡಿಯೊ ಹಿಡಿದು ತೋರಿಸಿದರು. ನೀಲಿ ಬಾಗಿಲು. ಪಕ್ಕದಲ್ಲಿ ಬಣ್ಣದ ಡಬ್ಬದೊಳಗೆ ದಾಸವಾಳ. ಗೋಡೆಗೆ ಒರಗಿಸಿದ ಮಗುವಿನ ಸೈಕಲ್. ಧ್ವನಿಯನ್ನು ನಾನು ಹಾಗೇ ಬಿಟ್ಟಿದ್ದೆ. "ಮುಖ ಮುಚ್ಚಿದ್ದೀರಿ ಸಾರ್, ಬಾಗಿಲು ಮುಚ್ಚಿಲ್ಲವಲ್ಲ" ಅಂದರು. ಜಗಳ ಆಡಲಿಲ್ಲ. ನಮ್ಮ ಯಜಮಾನರು ಒಳಗಿನಿಂದ "ಬ್ಲರ್ ಇದೆಯಲ್ಲ, ಇನ್ನೇನು?" ಅಂದರು. ಸಂಜೆಗೆ ವಿಡಿಯೊ ತೆಗೆದೆವು. ಬರಹ ಮತ್ತು ಒಂದು ಫೋಟೊ ಉಳಿಸಿಕೊಂಡೆವು. ಫೋಟೊದಲ್ಲಿ ಬಾಗಿಲು ಇತ್ತು.

2013ರಲ್ಲಿ ಫ್ಲಾರಿಡಾದ ಜಡ್ಜ್ ಇಡೀ ಪೋಸ್ಟ್ ತೆಗೆಯಿರಿ ಅಂದಾಗ ಗಾಕರ್ ಮಾಡಿದ್ದೂ ಇದನ್ನೇ. ವಿಡಿಯೊ ತೆಗೆದು ಬರಹ ಉಳಿಸಿಕೊಂಡಿತು. ತೆಗೆಯಲ್ಲ ಅಂತ ಇನ್ನೊಂದು ಬರಹವನ್ನೂ ಹಾಕಿತು.

ನನ್ನ ಪ್ರಶ್ನೆ ಇಷ್ಟು. ಗಾಕರ್ ಮುಳುಗಿದ್ದು ದುಡ್ಡಿರುವ ವೈರಿಯಿಂದ ಅಂತಾರೆ. ನನಗೇನೋ ಆ 'ನಾಲ್ಕು' ಅನ್ನೋ ಉತ್ತರದಿಂದ ಅನಿಸುತ್ತೆ. ನಿಮಗೆ?

---

ಕ್ಯಾತ್ಸಂದ್ರ ತಟ್ಟೆ · ಶನಿವಾರ ರಾತ್ರಿ 11:48

ಅಣ್ಣ, ಪೂರ್ತಿ ಓದಿದೆ. ಆ ವಿಡಿಯೊ ನಾನೂ ನೋಡಿದ್ದೆ. ನಮ್ಮ ಫ್ಯಾಮಿಲಿ ಗ್ರೂಪಿಗೆ ಕಳಿಸಿದ್ದೆ ಕೂಡ. ಬಾಗಿಲು ಗಮನಿಸಿರಲಿಲ್ಲ.

---

ತಾಲೂಕು ವರದಿಗಾರ · ಮಧುಗಿರಿ · ಭಾನುವಾರ ಬೆಳಿಗ್ಗೆ 7:05

ಹಳೇ ಡೆಸ್ಕ್ ಅವರೇ, ನಿಮ್ಮ ಬೇಜಾರು ಅರ್ಥ ಆಗುತ್ತೆ. ಆದರೆ ಗಾಕರ್ ವಿಷಯದಲ್ಲಿ ನೀವು ಮುಖ್ಯವಾದ ಮನುಷ್ಯನನ್ನೇ ಹೊರಗೆ ನಿಲ್ಲಿಸಿ ಕಥೆ ಹೇಳಿದ್ದೀರಿ. ಪೀಟರ್ ಥೀಲ್. ಪೇಪಾಲ್ ಕಟ್ಟಿದವರಲ್ಲಿ ಒಬ್ಬ, ಫೇಸ್‌ಬುಕ್‌ಗೆ ಮೊದಮೊದಲು ದುಡ್ಡು ಹಾಕಿದವನು. 2007ರಲ್ಲಿ ಗಾಕರ್‌ನ ತಂಗಿ ಸೈಟ್ ಅವನು ಸಲಿಂಗಿ ಅಂತ ಬರೆಯಿತು. ಅವನು ಹೇಳಿಕೊಂಡಿರಲಿಲ್ಲ. ಅದನ್ನು ಮನಸ್ಸಲ್ಲೇ ಇಟ್ಟುಕೊಂಡು, ಹೋಗನ್ ಕೇಸಿಗೆ ಗುಟ್ಟಾಗಿ ಸುಮಾರು 1 ಕೋಟಿ ಡಾಲರ್ ಸುರಿದ. ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗಿದ್ದು 2016ರ ಮೇನಲ್ಲಿ, ತೀರ್ಪು ಬಂದ ಮೇಲೆ. ಬೆಕ್ಕಿನ ಹಾಗೆ ಒಂಬತ್ತು ವರ್ಷ ಕಾದು ಕೂತ ಮನುಷ್ಯ.

ಇದನ್ನು ನಮ್ಮ ಕಡೆಗೆ ತಂದು ನೋಡಿ. ನಾನು ಒಂದು ಕ್ರಷರ್ ಬಗ್ಗೆ ಬರೆದಿದ್ದೆ. ಬರೆದದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಎರಡು ಬೇರೆ ಬೇರೆ ಊರಿನ ಕೋರ್ಟುಗಳಿಂದ ನೋಟಿಸ್ ಬಂತು. ಒಂದು ಸಲ ಹೋಗಿ ಬರಲು ಬಸ್ಸು, ಊಟ, ವಕೀಲರ ಫೀಸು ಎಲ್ಲಾ ಸೇರಿ ನನ್ನ ಒಂದು ತಿಂಗಳ ಸಂಪಾದನೆ. ನನಗೆ ಬರೋದು ಸುದ್ದಿಗೆ ಇಷ್ಟು ಅಂತ, ಸಂಬಳ ಅಲ್ಲ. ಪೇಪರಿನವರು "ನೀವು ನಮ್ಮ ಉದ್ಯೋಗಿ ಅಲ್ಲವಲ್ಲ" ಅಂದರು. ಆ ಕ್ರಷರ್ ಇವತ್ತೂ ನಡೆಯುತ್ತಿದೆ, ಧೂಳು ನಮ್ಮ ಮನೆ ಪಾತ್ರೆ ಮೇಲೂ ಕೂರುತ್ತೆ.

ಗಾಕರ್ ಸಾಚಾ ಅಂತ ನಾನು ಹೇಳುತ್ತಿಲ್ಲ. ಆದರೆ 2013ರಲ್ಲಿ ಟೊರೊಂಟೊ ಮೇಯರ್ ರಾಬ್ ಫೋರ್ಡ್ ಕ್ರ್ಯಾಕ್ ಅನ್ನೋ ಮಾದಕ ವಸ್ತು ಸೇದುವ ವಿಡಿಯೊ ಇದೆ ಅಂತ ಬರೆದಿದ್ದೂ ಅದೇ ಗಾಕರ್. ಮೇಯರ್ ಇಲ್ಲ ಇಲ್ಲ ಅಂತ ಹೇಳಿ, ಆರು ತಿಂಗಳಾದ ಮೇಲೆ ಹೌದು ಅಂತ ಒಪ್ಪಿಕೊಂಡ. ಆ ಧೈರ್ಯ ಇದ್ದ ಕಚೇರಿಯೇ ಈ ಕೆಲಸವನ್ನೂ ಮಾಡಿದ್ದು. ಹಾಸಿಗೆ ವಿಡಿಯೊಗೆ ಬಿದ್ದ ಏಟು ಮೇಯರ್ ಸುದ್ದಿಗೂ ಬಿತ್ತಲ್ಲ, ಅದು ನನ್ನ ಚಿಂತೆ.

ಇನ್ನೊಂದು ಮಾತು. ಮೈಕ್ರೋ ಫೈನಾನ್ಸ್ ಸುದ್ದಿಗಳು ಸಾಲು ಸಾಲಾಗಿ ಬರದೇ ಹೋಗಿದ್ದರೆ 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತರುತ್ತಿತ್ತಾ? ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ನಿಮ್ಮ ವಿಡಿಯೊ ಕೂಡ ಅದರಲ್ಲಿ ಒಂದು ಕಲ್ಲು.

---

ಗೂಡಿನ ಸಂತೆ · ಶಿಡ್ಲಘಟ್ಟ · ಭಾನುವಾರ ಬೆಳಿಗ್ಗೆ 9:30

ವರದಿಗಾರ ಅಣ್ಣ, ಕ್ರಷರ್ ವಿಷಯ ಓದಿ ಹೊಟ್ಟೆ ಉರಿಯಿತು. ಆದರೆ ಕೊನೆಯ ಮಾತು ಒಪ್ಪಲ್ಲ.

ನಾನೂ ಸಂಘದ ಸಾಲ ತೆಗೆದವಳೇ. ಕಂತಿನ ದಿನ ದುಡ್ಡು ಕಡಿಮೆ ಬಿದ್ದರೆ ಗುಂಪಿನ ಉಳಿದವರ ಮುಂದೆ ಕೂರಬೇಕು, ಅದು ಹೇಗಿರುತ್ತೆ ಅಂತ ಗೊತ್ತು. ಬೈದವರು ಇಬ್ಬರು. ಬೈಸಿಕೊಂಡಿದ್ದು ಹತ್ತು ಮನೆ ಮುಂದೆ. ವಿಡಿಯೊ ಬಂದ ಮೇಲೆ ಇಡೀ ಜಿಲ್ಲೆ ಮುಂದೆ. ಥಂಬ್‌ನೇಲಿನಲ್ಲಿ ಮಂಗಳಾರತಿ ಆಗಿದ್ದು ಯಾರಿಗೆ? ವಸೂಲಿಯವರಿಗಾ? 'ಸಾಲ ಕಟ್ಟದ ಮಹಿಳೆ' ಅಂದರೆ ತಪ್ಪು ಅವಳದು ಅಂತ ಆಯ್ತಲ್ಲ. ವಸೂಲಿಯವರ ಮುಖಕ್ಕೆ ವೃತ್ತ ಹಾಕಬಹುದಿತ್ತು. ಅವರ ಮುಖಾನೂ ಬ್ಲರ್ ಮಾಡಿದ್ದಿರಾ ಹೇಳಿ?

---

ಹಳೇ ಡೆಸ್ಕ್ · ಭಾನುವಾರ ಬೆಳಿಗ್ಗೆ 9:52

ಅಕ್ಕ, ಹೌದು. ಅವರದ್ದನ್ನೂ ಮಾಡಿದ್ದೆ. ಕೇಸ್ ಬೀಳುತ್ತೆ ಅಂತ ಯಜಮಾನರು ಮೊದಲು ಹೇಳಿದ್ದೇ ಅದನ್ನು. ವೃತ್ತ ಹಾಕಿದ್ದು ಹೆಂಗಸಿನ ಸುತ್ತ.

---

ಟೊಮೆಟೊ ಮಂಡಿ · ಕೋಲಾರ · ಭಾನುವಾರ ಮಧ್ಯಾಹ್ನ 1:15

ನಮ್ಮ ಕಡೆ ಇನ್ನೊಂದು ತರಹ. ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸಿಗೆ ಒಳ್ಳೆ ರೇಟ್ ಇದ್ದ ದಿನ ಒಂದು ಪೇಜ್ 'ರಸ್ತೆಗೆ ಟೊಮೆಟೊ ಸುರಿದ ರೈತರು' ಅಂತ ಹಳೇ ಫೋಟೊ ಹಾಕಿತು. ಫೋಟೊ ನಿಜ. ರೈತರೂ ನಿಜ. ವರ್ಷ ಮಾತ್ರ ಬೇರೆ. ಹೊಲದ ಹತ್ತಿರವೇ ಕೊಳ್ಳಲು ಬರುವವರು ಅದನ್ನೇ ಫೋನಲ್ಲಿ ತೋರಿಸಿ ರೇಟ್ ಇಳಿಸಿ ಕೇಳಿದರು. ನಮ್ಮ ಚಿಕ್ಕಪ್ಪ ಕೊಟ್ಟೂಬಿಟ್ಟರು. ಮಾರನೇ ದಿನ ಆ ಪೇಜ್‌ಗೆ ಫೋನ್ ಮಾಡಿದರೆ "ಫೋಟೊ ಸಾಂದರ್ಭಿಕ ಅಂತ ಹಾಕಿದ್ದೀವಿ, ನೋಡಿ" ಅಂದರು. ನೋಡಿದೆ. ಹಾಕಿದ್ದರು. ಇರುವೆ ಗಾತ್ರದ ಅಕ್ಷರದಲ್ಲಿ.

ಇನ್ನೇನು ಯಾರಾದರೂ ನಮ್ಮ ಮುಳಬಾಗಿಲಿನ ಡಿವಿಜಿ ಪತ್ರಕರ್ತರಾಗಿದ್ದರು ಅಂತ ಶುರು ಮಾಡ್ತಾರೆ. ಅವರಿಗೆ ಮೊದಲು ನಾನೇ ಹೇಳಿಬಿಟ್ಟೆ.

---

ಶಿರಾ ಕಡಲೆಕಾಯಿ · ಭಾನುವಾರ ಮಧ್ಯಾಹ್ನ 1:40

ಆ ಹೆಂಗಸು ಐಟಿ ಕಾಯ್ದೆ 66ಇ ಕೆಳಗೆ ಕೇಸ್ ಹಾಕಿದರೆ ಮುಗೀತು. ಮೂರು ವರ್ಷ ಒಳಗೆ.

---

ಕರಿಕೋಟು · ಚಿಕ್ಕಬಳ್ಳಾಪುರ · ಭಾನುವಾರ ಸಂಜೆ 6:10

ಕಡಲೆಕಾಯಿ ಅವರೇ, ಸ್ವಲ್ಪ ನಿಧಾನ. 66ಇ ಇರೋದು ಮೈಯ ಖಾಸಗಿ ಭಾಗದ ಚಿತ್ರ ತೆಗೆಯುವವರಿಗೆ, ಹಂಚುವವರಿಗೆ. ಸಾಲದ ಜಗಳಕ್ಕೆ ಅದು ಅನ್ವಯ ಆಗಲ್ಲ. ವಾಟ್ಸಾಪ್‌ನಲ್ಲಿ ಎಲ್ಲದಕ್ಕೂ 66 ಅಂತ ಓಡಾಡುತ್ತೆ, ನಮ್ಮ ಕಕ್ಷಿದಾರರೂ ಅದನ್ನೇ ಹಿಡಿದುಕೊಂಡು ಬರುತ್ತಾರೆ.

ಖಾಸಗಿತನದ ಮಾತು ಬೇರೆ. 1994ರಲ್ಲೇ ರಾಜಗೋಪಾಲ್ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಒಬ್ಬ ಮನುಷ್ಯನ ಮನೆ, ಸಂಸಾರದ ವಿಷಯವನ್ನು ಅವನ ಒಪ್ಪಿಗೆ ಇಲ್ಲದೆ ಬರೆಯುವ ಹಾಗಿಲ್ಲ ಅಂದಿದೆ. ಬರೆದದ್ದು ನಿಜವೇ ಆಗಿರಲಿ, ಸುಳ್ಳೇ ಆಗಿರಲಿ. ಸಾರ್ವಜನಿಕ ದಾಖಲೆಯಲ್ಲಿ ಇರೋದಕ್ಕೆ ಮಾತ್ರ ಬೇರೆ ಲೆಕ್ಕ. ಆಮೇಲೆ 2017ರ ಆಗಸ್ಟ್ 24, ಒಂಬತ್ತು ಜಡ್ಜ್‌ಗಳ ಪೀಠ, ಖಾಸಗಿತನ ಮೂಲಭೂತ ಹಕ್ಕು ಅಂತ. ಆ ಕೇಸ್ ಹಾಕಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಗಾಕರ್ ಬಗ್ಗೆ ಎರಡು ತಿದ್ದುಪಡಿ. ಹಳೇ ಡೆಸ್ಕ್ ಹೇಳಿದ 2013ರ ಆದೇಶವನ್ನು ಮೇಲ್ಮನವಿ ಕೋರ್ಟ್ 2014ರಲ್ಲಿ ರದ್ದು ಮಾಡಿತ್ತು. ಅಂದರೆ ಕಾನೂನು ಒಂದಷ್ಟು ಕಾಲ ಗಾಕರ್ ಕಡೆಗೇ ಇತ್ತು. ಅಮೆರಿಕದಲ್ಲಿ ಪತ್ರಿಕೆಗೆ ಇರೋ ರಕ್ಷಣೆ ಅಷ್ಟು ಗಟ್ಟಿ. ನಾವು ಗೆದ್ದೇ ಗೆಲ್ತೀವಿ ಅನ್ನೋ ಧೈರ್ಯ ಅಲ್ಲಿಂದ ಬಂದಿದ್ದು.

ಎರಡನೆಯದು ವರದಿಗಾರರಿಗೆ. ಥೀಲ್ ದುಡ್ಡು ಏನು ಮಾಡಿತು ಅನ್ನೋದು ಒಂದು ಕಡೆ ಚೆನ್ನಾಗಿ ಕಾಣುತ್ತೆ. ಹೋಗನ್ ವಕೀಲರು ನಡುವೆ ಒಂದು ಆರೋಪವನ್ನು ತಾವಾಗಿಯೇ ಕೈಬಿಟ್ಟರು. ಅದು ಇದ್ದಿದ್ದರೆ ಗಾಕರ್‌ನ ಇನ್ಶೂರೆನ್ಸ್ ಕಂಪನಿ ದುಡ್ಡು ಕಟ್ಟಬೇಕಾಗುತ್ತಿತ್ತು. ಪರಿಹಾರ ಬೇಕು ಅನ್ನುವವನು ದುಡ್ಡಿರುವ ಕಿಸೆಯನ್ನು ಬಿಡಲ್ಲ. ಬಿಟ್ಟ ಅಂದರೆ ಅವನಿಗೆ ಬೇಕಾಗಿದ್ದು ಪರಿಹಾರ ಅಲ್ಲ. ಮೇಲ್ಮನವಿ ನಡೆಯುವಾಗ ದುಡ್ಡಿನ ವಸೂಲಿ ತಡೆಯಬೇಕಾದರೆ 5 ಕೋಟಿ ಡಾಲರ್‌ವರೆಗೆ ಬಾಂಡ್ ಇಡಬೇಕಿತ್ತು. ಅಷ್ಟು ಇರಲಿಲ್ಲ. ಮೇಲಿನ ಕೋರ್ಟಿನಲ್ಲಿ ಗೆಲ್ಲುತ್ತಿದ್ದರೋ ಏನೋ, ಅಲ್ಲಿಗೆ ಮುಟ್ಟುವ ಮೊದಲೇ ಸೈಟ್ ಮುಚ್ಚಿತ್ತು. ನವೆಂಬರ್‌ನಲ್ಲಿ 3.1 ಕೋಟಿ ಡಾಲರ್‌ಗೆ ರಾಜಿ ಆಯ್ತು.

ಹಾಗಾಗಿ ಇಬ್ಬರದೂ ಸರಿ ಅನ್ನಲ್ಲ. ದುಡ್ಡು ಕೇಸನ್ನು ಜ್ಯೂರಿವರೆಗೆ ಎಳೆದು ತಂದಿತು. ಜ್ಯೂರಿ ಮುಂದೆ ಗಾಕರ್ ಗಾಕರ್‌ನ ಹಾಗೇ ಮಾತಾಡಿತು.

---

ತಾಲೂಕು ವರದಿಗಾರ · ಭಾನುವಾರ ಸಂಜೆ 7:20

ಇನ್ಶೂರೆನ್ಸ್ ವಿಷಯ ಗೊತ್ತಿರಲಿಲ್ಲ ಸರ್. ಅದೇ ನಾನು ಹೇಳಿದ್ದು. ನನ್ನ ಮೇಲೆ ನೋಟಿಸ್ ಹಾಕಿದವರಿಗೂ ಗೆಲ್ಲಬೇಕಿರಲಿಲ್ಲ, ನಾನು ಬಸ್ ಹತ್ತಿ ಇಳಿದರೆ ಸಾಕಿತ್ತು.

ಗೂಡಿನ ಸಂತೆ ಅವರೇ, ವೃತ್ತದ ಮಾತು ಬೆಳಿಗ್ಗೆಯಿಂದ ಕಿವಿಯಲ್ಲಿದೆ. ಒಪ್ಪಿಕೊಂಡೆ.

---

ಕ್ಯಾತ್ಸಂದ್ರ ತಟ್ಟೆ · ಭಾನುವಾರ ರಾತ್ರಿ 8:05

ಹಳೇ ಡೆಸ್ಕ್ ಅಣ್ಣ, ನಿಮ್ಮ ಆಫೀಸ್ ಏನಾಯ್ತು? ಬಿ.ಎಚ್. ರಸ್ತೆಯಲ್ಲಿ ಆ ಬೋರ್ಡ್ ಈಗ ಕಾಣಲ್ಲ.

---

ಹಳೇ ಡೆಸ್ಕ್ · ಭಾನುವಾರ ರಾತ್ರಿ 9:30

ಮುಚ್ಚಿತು. ಅದಕ್ಕೆ ಯಾವ ಥೀಲೂ ಬೇಕಾಗಲಿಲ್ಲ.

ಮೊದಮೊದಲು ನಾವು ಒಳ್ಳೆ ಕೆಲಸಾನೇ ಮಾಡಿದ್ದು. ಅಮಾನಿಕೆರೆಗೆ ಕೊಳಚೆ ಬಿಟ್ಟಿದ್ದು, ಹಾಸ್ಟೆಲ್ ಊಟದ ಹುಳ. ಹುಡುಗರು ಮೈಕ್ ಹಿಡಿದು ಹೋದರೆ ಜನ ಖುಷಿಯಿಂದ ಬೈಟ್ ಕೊಡುತ್ತಿದ್ದರು. ಆಮೇಲೆ ಯಜಮಾನರಿಗೆ ಒಂದು ದಾರಿ ಹೊಳೆಯಿತು. ಅಂಗಡಿ, ನರ್ಸಿಂಗ್ ಹೋಮ್, ಲೇಔಟ್‌ನವರ ಹತ್ತಿರ ಮೊದಲು ದೂರಿನ ವಿಡಿಯೊ ತೋರಿಸುವುದು, ಆಮೇಲೆ ಹಬ್ಬದ ಜಾಹೀರಾತಿನ ಮಾತು ಎತ್ತುವುದು. ದುಡ್ಡು ಬಂದರೆ ವಿಡಿಯೊ ಪೆಂಡಿಂಗ್. ಇದು ಎಷ್ಟು ದಿನ ನಡೆಯುತ್ತೆ ಹೇಳಿ? ಊರೇನು ದೊಡ್ಡದಾ? ಟೌನ್‌ಹಾಲ್ ಸರ್ಕಲ್‌ನಲ್ಲಿ ಒಬ್ಬರಿಗೆ ಹೇಳಿದರೆ ಸಂಜೆಗೆ ಅಂತರಸನಹಳ್ಳಿ ಮಾರ್ಕೆಟ್‌ವರೆಗೆ ಗೊತ್ತಾಗಿರುತ್ತೆ. ನಮ್ಮ ಲೋಗೊ ಇರೋ ಮೈಕ್ ಕಂಡರೆ ಜನ ಬಾಯಿ ಮುಚ್ಚಿಕೊಳ್ಳೋಕೆ ಶುರು ಮಾಡಿದರು. ದೀಪಾವಳಿಗೆ ಒಂದೇ ಒಂದು ಜಾಹೀರಾತು ಬರಲಿಲ್ಲ. ಬಾಡಿಗೆ ಮೂರು ತಿಂಗಳು ಬಾಕಿ. ಕ್ಯಾಮೆರಾ ಮಾರಿದರು, ಕೊನೆಗೆ ಟೇಬಲ್ಲೂ ಹೋಯ್ತು.

ನಾನು ಅದಕ್ಕೂ ಮೊದಲೇ ಬಿಟ್ಟಿದ್ದೆ. ಧೈರ್ಯದಿಂದ ಅಲ್ಲ, ಸಂಬಳ ಬರುತ್ತಿರಲಿಲ್ಲ.

ಈಗ ಅಸಲಿ ವಿಷಯ. ಪೇಜಿಗೆ ಫಾಲೋವರ್ಸ್ ಇದ್ದರಲ್ಲ, ಅದನ್ನು ಯಜಮಾನರು ಒಬ್ಬ ಮನೆ ಸೈಟ್ ವ್ಯಾಪಾರದವರಿಗೆ ಮಾರಿದರು. ಈಗ ಅದರಲ್ಲಿ '30x40, ಬ್ಯಾಂಕ್ ಲೋನ್ ಸೌಲಭ್ಯ' ಅಂತ ಬರುತ್ತೆ. ಗಾಕರ್‌ನಲ್ಲೂ ಹೀಗೇ ಆಯ್ತು. ತಂಗಿ ಸೈಟುಗಳನ್ನು ಯುನಿವಿಷನ್ 13.5 ಕೋಟಿ ಡಾಲರ್‌ಗೆ ತಗೊಂಡಿತು. ಗಾಕರ್ ಅನ್ನೋ ಹೆಸರು, ಹಳೇ ಬರಹ ಎಲ್ಲಾ 2018ರಲ್ಲಿ ಬರೀ 13.5 ಲಕ್ಷ ಡಾಲರ್‌ಗೆ ಬೇರೆಯವರಿಗೆ ಹೋಯ್ತು. 2021ರಲ್ಲಿ ಮತ್ತೆ ಶುರು ಮಾಡಿ 2023ರಲ್ಲಿ ಮತ್ತೆ ಮುಚ್ಚಿದರು.

ನಿನ್ನೆ ಆ ಪೇಜ್ ಕೆಳಗೆ ಕೆಳಗೆ ಎಳೆದು ನೋಡಿದೆ. ಸೈಟ್ ಜಾಹೀರಾತುಗಳ ಕೆಳಗೆ, ನನ್ನ ಪೋಸ್ಟ್ ಇನ್ನೂ ಇದೆ. ನೀಲಿ ಬಾಗಿಲು. ನನ್ನನ್ನು ಅಡ್ಮಿನ್‌ನಿಂದ ತೆಗೆಯೋದನ್ನು ಯಾರೋ ಮರೆತಿದ್ದಾರೆ. ಒಂದು ಸಲ ಒತ್ತಿದರೆ ಹೋಗುತ್ತೆ. ಒತ್ತಲಾ?

---

ಶಿರಾ ಕಡಲೆಕಾಯಿ · ಭಾನುವಾರ ರಾತ್ರಿ 9:34

ಒತ್ತು ಗುರು. ಕೇಳೋದೇನಿದೆ.

---

ಕರಿಕೋಟು · ಭಾನುವಾರ ರಾತ್ರಿ 9:50

ಒತ್ತಬೇಡಿ! ಪೇಜ್ ಈಗ ಬೇರೆಯವರದು. ಅವರನ್ನು ಕೇಳದೆ ಒಳಗೆ ಹೋಗಿ ಅಳಿಸಿದರೆ ನಾಳೆ ನಿಮ್ಮ ಮೇಲೇ ದೂರು ಬರಬಹುದು. ಮೊದಲು ಲಿಂಕ್ ಬರೆದಿಟ್ಟುಕೊಳ್ಳಿ. ತಾರೀಖು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಡಿ, ನಾಳೆ ಆಕೆಗೇ ಬೇಕಾಗಬಹುದು. ಆಮೇಲೆ ಮಾಲೀಕರಿಗೆ ಫೋನ್ ಮಾಡಿ ಕೇಳಿ, ಒಪ್ಪಿದರೆ ಮೆಸೇಜಿನಲ್ಲಿ ಬರೆಸಿಕೊಳ್ಳಿ. ಒಪ್ಪದಿದ್ದರೆ ಆಕೆಯ ಕಡೆಯಿಂದ ಸೈಬರ್ ಅಪರಾಧ ನೋಡುವ ಸಿಇಎನ್ ಪೊಲೀಸ್ ಠಾಣೆಗೆ ಅರ್ಜಿ.

2021ರ ಐಟಿ ನಿಯಮದಲ್ಲಿ ಡಿಜಿಟಲ್ ಸುದ್ದಿಯವರು ದೂರನ್ನು 15 ದಿನದಲ್ಲಿ ತೀರಿಸಬೇಕು ಅಂತ ಇದೆ. ಅದರ ನೀತಿ ಸಂಹಿತೆ ಭಾಗಕ್ಕೆ ಬಾಂಬೆ ಹೈಕೋರ್ಟ್ ಅದೇ ವರ್ಷ ಆಗಸ್ಟ್‌ನಲ್ಲಿ ತಡೆ ಕೊಟ್ಟಿತು. ಅಲ್ಲದೆ ಈಗ ಅದು ಸುದ್ದಿ ಪೇಜೂ ಅಲ್ಲ. ಸೈಟ್ ಮಾರುವವರ ಹತ್ತಿರ ಪತ್ರಿಕಾ ಧರ್ಮ ಕೇಳೋಕೆ ಹೋದರೆ ರೇಟ್ ಹೇಳುತ್ತಾರೆ ಅಷ್ಟೇ.

---

ಗೂಡಿನ ಸಂತೆ · ಭಾನುವಾರ ರಾತ್ರಿ 10:12

ಆಕೆಗೆ ಒಂದು ಮಾತು ಹೇಳಿ ಮಾಡಿ ಅಣ್ಣ. ಈ ಸಲವಾದರೂ.

---

ಹಳೇ ಡೆಸ್ಕ್ · ಮಂಗಳವಾರ ರಾತ್ರಿ 10:05

ನಿನ್ನೆ ಆಕೆಯ ಅಣ್ಣನ ನಂಬರ್ ಹುಡುಕಿ ಫೋನ್ ಮಾಡಿದೆ. ಯಾರು ಅಂತ ಹೇಳಿದ ಮೇಲೆ ಸ್ವಲ್ಪ ಹೊತ್ತು ಮಾತಿಲ್ಲ. ಇನ್ನೂ ಇದೆಯಾ ಅದು ಅಂದರು. ಇದೆ ಅಂದೆ. ತೆಗೆಸಿ ಅಂದರು. ಬಾಗಿಲಿಗೆ ಅವತ್ತೇ ಬೇರೆ ಬಣ್ಣ ಬಳಿಸಿದರಂತೆ, ಗೊತ್ತಿಲ್ಲದವರು ಬಂದು ಬೀದಿಯಲ್ಲಿ ನಿಂತು ನೋಡುತ್ತಿದ್ದರು ಅಂತ. ತಂಗಿ ಹತ್ತಿರ ಮಾತಾಡಲಾ ಅಂತ ಕೇಳಿದೆ. ಬೇಡ ಅಂದರು.

ಪೇಜಿನವರು ಇವತ್ತು ಸಿಕ್ಕಿದರು. ಒಳ್ಳೆ ಮನುಷ್ಯ. "ಅಯ್ಯೋ, ಅಂಥದ್ದು ಇದೆ ಅಂತಾನೇ ಗೊತ್ತಿಲ್ಲ ಸಾರ್. ತೆಗೆದುಬಿಡಿ. ರೀಚ್ ಏನಾದ್ರೂ ಕಮ್ಮಿ ಆಗುತ್ತಾ?" ಅಂದರು. ಆಗಲ್ಲ ಅಂದೆ. ಸರಿ ಅಂತ ಮೆಸೇಜೂ ಹಾಕಿದರು. ಅವರ ಎದುರಿಗೇ ತೆಗೆದೆ. ನನ್ನನ್ನು ಅಡ್ಮಿನ್‌ನಿಂದಲೂ ತೆಗೆಸಿಕೊಂಡೆ.

---

ಕರಿಕೋಟು · ಮಂಗಳವಾರ ರಾತ್ರಿ 10:20

ಒಳ್ಳೆಯದಾಯ್ತು. ಸ್ಕ್ರೀನ್‌ಶಾಟ್ ತಗೊಂಡಿರಿ ತಾನೇ?

---

ಹಳೇ ಡೆಸ್ಕ್ · ಮಂಗಳವಾರ ರಾತ್ರಿ 10:21

ಅಯ್ಯೋ. ಮರೆತೇಬಿಟ್ಟೆ ಸರ್.

---

ಕ್ಯಾತ್ಸಂದ್ರ ತಟ್ಟೆ · ಮಂಗಳವಾರ ರಾತ್ರಿ 10:40

ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ನಾನು ಕಳಿಸಿದ್ದು ಇನ್ನೂ ಇದೆ ಅಣ್ಣ. ವಕೀಲರಿಗೆ ಬೇಕಿದ್ದರೆ ಇಡ್ತೀನಿ, ಇಲ್ಲ ಅಂದರೆ ಈಗಲೇ ಅಳಿಸ್ತೀನಿ. ಏನು ಮಾಡಲಿ?